ಕಿಣ್ವ ಬಿಡಿಸುವ ಕುಸುರಿ

ಔಷಧಿ ಗಿಡದ ಕೋಶಗಳಿಂದ ಒಂದೇ ಒಂದು ಕಿಣ್ವವನ್ನು ಶುದ್ಧವಾಗಿ ಬಿಡಿಸಿ ತೆಗೆಯುವುದು ಪ್ರಯೋಗಾಲಯದ ಅತಿ ನಾಜೂಕಿನ ಕೆಲಸಗಳಲ್ಲೊಂದು. ಅದಕ್ಕೆ ಮೊದಲು ಕೋಶಗಳನ್ನು ಬೆಳೆಸಬೇಕು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರವೀಣ್ ನಾಗೆಲ್ಲ ಮತ್ತು ಎಚ್.ಎನ್. ಮೂರ್ತಿ ಅಶ್ವಗಂಧದ, ಅಂದರೆ ಹಿರೇಮದ್ದಿನ, ಕೋಶಗಳನ್ನು ದ್ರವ ಮಾಧ್ಯಮದಲ್ಲಿ ಬೆಳೆಸಿ ವಿಥನೊಲೈಡ್-ಎ ಎಂಬ ಔಷಧೀಯ ಸಂಯುಕ್ತ ಪಡೆದ ಕ್ರಮ 2010ರಲ್ಲಿ ಪ್ರಕಟವಾಯಿತು. ಇಂಥ ಕೋಶಗಳು ಕಿಣ್ವದ ಹುಡುಕಾಟಕ್ಕೂ ಒಳ್ಳೆಯ ಮೂಲ: ಮಣ್ಣು ಬೇಡ, ಋತುವಿನ ಹಂಗಿಲ್ಲ.

ಸೋಸಿದ ಕೋಶಗಳನ್ನು ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ಅರೆದರೆ ಜೋಳದ ಹಿಟ್ಟಿನಷ್ಟು ನುಣುಪಾಗುತ್ತವೆ. ನಿಜವಾದ ಜಾಣ್ಮೆ ಕಾಣುವುದು ಮುಂದಿನ ಕೆಲವೇ ನಿಮಿಷಗಳಲ್ಲಿ, ಆ ಹಿಟ್ಟನ್ನು ಬಫರ್ ದ್ರಾವಣದಲ್ಲಿ ಕದಡಿ ರಸ ತೆಗೆಯುವಾಗ. ಗಿಡದ ಫೀನಾಲ್‌ಗಳು ಗಾಳಿ ತಾಗಿದೊಡನೆ ರಸವನ್ನು ಕಂದಾಗಿಸಿ ಕಿಣ್ವವನ್ನು ಕೆಡಿಸುತ್ತವೆ. ಅವನ್ನು ಹಿಡಿದಿಡಲು ಬಫರ್‌ಗೆ ಪಿವಿಪಿಪಿ ಎಂಬ ಬಿಳಿ ಪುಡಿ ಬೆರೆಸಿ, ಎಲ್ಲವನ್ನೂ 4 ಡಿಗ್ರಿ ತಂಪಿನಲ್ಲೇ ನಡೆಸುತ್ತಾರೆ. ಪಳಗಿದ ಕೈಯಲ್ಲಿ ರಸ ತಿಳಿಹಳದಿಯಾಗಿಯೇ ಉಳಿಯುತ್ತದೆ. ಪ್ರೋಟೀನನ್ನು ಗರಣೆಗಟ್ಟಿಸಲು ಈ ರಸಕ್ಕೆ ಅಮೋನಿಯಂ ಸಲ್ಫೇಟನ್ನು ಚಿಟಿಕೆ ಚಿಟಿಕೆಯಾಗಿ ಹಾಕಿ, ನೊರೆ ಏಳದಂತೆ ಕಲಕಬೇಕು. ನೊರೆಯೆದ್ದರೆ ಪ್ರೋಟೀನಿನ ಮಡಿಕೆ ಬಿಚ್ಚಿಕೊಳ್ಳುತ್ತದೆ. ಆಮೇಲೆ ಡಯಾಲಿಸಿಸ್, ಅಯಾನು ವಿನಿಮಯದ ಕಾಲಂ, ಜೆಲ್ ಸೋಸುವಿಕೆ. ಹಂತ ಹಂತಕ್ಕೂ ಒಟ್ಟು ಪ್ರೋಟೀನ್ ಕುಗ್ಗುತ್ತದೆ, ಮಿಲಿಗ್ರಾಮಿಗೆ ಸಿಗುವ ಚಟುವಟಿಕೆ ಏರುತ್ತದೆ. ಕೊನೆಗೆ ಜೆಲ್ ಮೇಲೆ ಒಂದೇ ಒಂದು ನೀಲಿ ಗೆರೆ. ಎಷ್ಟು ಸೊಗಸಾದ ಗೆರೆ ಅದು!

ಇನ್ನು ಗುಣ ಅಳೆಯುವ ಕೆಲಸ: ಅಣುತೂಕ, ಒಗ್ಗುವ ಪಿಎಚ್, ಉಷ್ಣಾಂಶ, ವೇಗ. 1979ರಲ್ಲಿ ವಿಜ್ಞಾನಿಗಳಾದ ಟ್ರೈಮರ್ ಮತ್ತು ಜೆಂಕ್ ನಿತ್ಯಪುಷ್ಪದ ಕೋಶಗಳಿಂದ ಶುದ್ಧಗೊಳಿಸಿದ ಸ್ಟ್ರಿಕ್ಟೊಸಿಡಿನ್ ಸಿಂಥೇಸ್ ಈ ಕಸುಬಿನ ಶ್ರೇಷ್ಠ ಮಾದರಿ. ಟ್ರಿಪ್ಟಮೈನ್ ಮತ್ತು ಸೆಕೊಲೊಗ್ಯಾನಿನ್‌ಗಳನ್ನು ಅದು ಬೆಸೆಯುತ್ತದೆ. ಕ್ಯಾನ್ಸರ್ ಔಷಧಿ ವಿನ್‌ಕ್ರಿಸ್ಟಿನ್ ಗಿಡದೊಳಗೆ ತಯಾರಾಗುವುದು ಈ ಬೆಸುಗೆಯ ದಾರಿಯಲ್ಲೇ.