ಚಿತ್ರ ತಿಳಿಯಾಯಿತು, ಮರೆವು ಉಳಿಯಿತು

ಇವತ್ತು ಯಾವ ವಾರ? ನೂರರಿಂದ ಏಳೇಳು ಕಳೆಯುತ್ತಾ ಹೋಗಿ. ಆಗ ಹೇಳಿದ ಮೂರು ಪದ ಯಾವುವು? ಡಿಮೆನ್ಷಿಯಾ ಎಷ್ಟು ಮುಂದುವರಿದಿದೆ ಎಂದು ತಿಳಿಯಲು ವೈದ್ಯರು ಬಹುಕಾಲ ಇಂಥ ಪ್ರಶ್ನೆಗಳನ್ನೇ ನೆಚ್ಚಿಕೊಂಡಿದ್ದರು. ನಿದ್ದೆಗೆಟ್ಟವರ, ಶಾಲೆ ಕಾಣದವರ ಮಟ್ಟಿಗೆ ಇವು ಸುಲಭವಾಗಿ ದಾರಿ ತಪ್ಪಿಸುತ್ತವೆ. ಮಿದುಳನ್ನೇ ನೋಡಿ ಅಳೆಯಬೇಕೆಂಬ ಹಂಬಲದ ದೊಡ್ಡ ಪ್ರಯೋಗ, 2004ರಲ್ಲಿ ಮೈಕೆಲ್ ವೈನರ್ ನೇತೃತ್ವದಲ್ಲಿ ಅಮೆರಿಕ, ಕೆನಡಾಗಳಲ್ಲಿ ಶುರುವಾದ, ಡಿಮೆನ್ಷಿಯಾ ತರುವ ಆಲ್‌ಝೈಮರ್ ಕಾಯಿಲೆಯನ್ನು ಮಿದುಳಿನ ಚಿತ್ರಗಳಲ್ಲಿ ಹಿಂಬಾಲಿಸುವ ಎಡಿಎನ್‌ಐ ಯೋಜನೆ. ಮೊದಲ ಹಂತದಲ್ಲಿ ಸುಮಾರು 800 ಹಿರಿಯರಿಗೆ ವರ್ಷಗಟ್ಟಲೆ ಮತ್ತೆ ಮತ್ತೆ ಎಂಆರ್‌ಐ ಮಾಡಿದರು. ಬೇರೆ ಬೇರೆ ಆಸ್ಪತ್ರೆಗಳ ಯಂತ್ರಗಳು ಒಂದೇ ರೀತಿ ಅಳೆಯುವಂತೆ ಹೊಂದಿಸಿದರು. ಸಿಕ್ಕ ಮಾಹಿತಿಯನ್ನು ಜಗತ್ತಿನ ಸಂಶೋಧಕರಿಗೆಲ್ಲ ಬಿಟ್ಟುಕೊಟ್ಟರು. ಈ ಔದಾರ್ಯವೇ ಆ ಯೋಜನೆಯ ಮೊದಲ ಸಾಧನೆ ಎಂದು ನನ್ನ ಎಣಿಕೆ.

ಎಂಆರ್‌ಐ ತೋರಿಸುವುದು ಕುಗ್ಗುವಿಕೆಯನ್ನು. ಹೊಸ ನೆನಪು ಕಟ್ಟುವ ಹಿಪೊಕ್ಯಾಂಪಸ್ ಆರೋಗ್ಯವಂತ ವೃದ್ಧರಲ್ಲಿ ವರ್ಷಕ್ಕೆ ಸುಮಾರು ಶೇ 1.4ರಷ್ಟು ಕಿರಿದಾದರೆ, ಆಲ್‌ಝೈಮರ್ ರೋಗಿಗಳಲ್ಲಿ ಶೇ 4.5ಕ್ಕೂ ಮೀರಿ ಸವೆಯುತ್ತದೆ. ನೂರಾರು ಜನರ ಸರಾಸರಿಯಲ್ಲಿ ಇದು ಗಟ್ಟಿ ಅಳತೆ. ಒಬ್ಬರ ಮಟ್ಟಿಗೆ ಹಾಗಲ್ಲ. ಯಂತ್ರ ಬದಲಾದರೂ, ತಲೆ ಅಲುಗಿದರೂ ಅಂಕಿ ಏರುಪೇರಾಗುತ್ತದೆ.

ಪೆಟ್ ಸ್ಕ್ಯಾನಿನ ಕಥೆ ಬೇರೆ. ಪಿಟ್ಸ್‌ಬರ್ಗಿನ ವಿಲಿಯಂ ಕ್ಲಂಕ್ ಮತ್ತು ಚೆಸ್ಟರ್ ಮ್ಯಾಥಿಸ್ ರೂಪಿಸಿದ ರಾಸಾಯನಿಕ, ಬದುಕಿರುವವರ ಮಿದುಳಿನಲ್ಲೇ ಅಮಿಲಾಯ್ಡ್ ಎಂಬ ಪ್ರೋಟೀನಿನ ಜಿಡ್ಡನ್ನು ಕಾಣಿಸಿತು. ಅದಕ್ಕೂ ಮುಂಚೆ ಅದನ್ನು ಖಚಿತವಾಗಿ ನೋಡಲು ಸಾವಿನ ನಂತರದ ಪರೀಕ್ಷೆಯೇ ಬೇಕಿತ್ತು. ಆದರೆ ಅಮಿಲಾಯ್ಡ್ ಶೇಖರವಾಗುವುದು ಮರೆವು ಕಾಣಿಸಿಕೊಳ್ಳುವ ಒಂದೂವರೆ-ಎರಡು ದಶಕ ಮೊದಲಿನಿಂದ. ರೋಗಿ ಮನೆಯ ದಾರಿ ತಪ್ಪುವ ಹೊತ್ತಿಗೆ ಅದರ ಏರಿಕೆ ಹೆಚ್ಚುಕಡಿಮೆ ನಿಂತಿರುತ್ತದೆ. ಎಷ್ಟೋ ಹಿರಿಯರು ತಲೆತುಂಬ ಅಮಿಲಾಯ್ಡ್ ಇಟ್ಟುಕೊಂಡೇ ಚುರುಕಾಗಿರುತ್ತಾರೆ. ಹೀಗಾಗಿ ಅಮಿಲಾಯ್ಡ್ ಚಿತ್ರ ‘ರೋಗದ ಬೇರು ಇದೆಯೇ’ ಎಂಬುದಕ್ಕೆ ಉತ್ತರ ಕೊಟ್ಟೀತು, ‘ಎಲ್ಲಿಗೆ ಬಂದಿದೆ’ ಎಂಬುದಕ್ಕಲ್ಲ. ಆ ಎರಡನೆಯ ಪ್ರಶ್ನೆಗೆ ಟೌ ಎಂಬ ಇನ್ನೊಂದು ಪ್ರೋಟೀನಿನ ಪೆಟ್ ಹೆಚ್ಚು ಹತ್ತಿರ. ಟೌ ಹರಡಿದಂತೆ ನೆನಪು, ಮಾತು, ದಿಕ್ಕಿನ ಅರಿವು ಸಡಿಲವಾಗುತ್ತವೆ. 1991ರಲ್ಲಿ ಬ್ರಾಕ್ ದಂಪತಿ ಮೃತರ ಮಿದುಳುಗಳಲ್ಲಿ ಗುರುತಿಸಿದ ಟೌ ಹರಡುವ ಮೆಟ್ಟಿಲುಗಳಿಗೂ ಈ ಚಿತ್ರಗಳಿಗೂ ಬಹುಮಟ್ಟಿಗೆ ತಾಳೆಯಾಗುತ್ತದೆ.

ರೋಗದ ಬೇರು ಇರುವುದಕ್ಕೂ ರೋಗ ಎಲ್ಲಿಗೆ ಬಂದಿದೆ ಎಂಬುದಕ್ಕೂ ಇರುವ ಈ ವ್ಯತ್ಯಾಸ ಮರೆತರೆ ಏನಾಗುತ್ತದೆಂದು ಅಮಿಲಾಯ್ಡ್ ತೆಗೆಯುವ ಅಡುಕಾನುಮ್ಯಾಬ್ ಔಷಧಿ ತೋರಿಸಿತು. 2019ರಲ್ಲಿ ಅದರ ಎರಡು ದೊಡ್ಡ ಪ್ರಯೋಗಗಳನ್ನು ಪ್ರಯೋಜನವಿಲ್ಲವೆಂದು ನಿಲ್ಲಿಸಲಾಗಿತ್ತು. ಆಮೇಲೆ ಅಂಕಿಅಂಶ ಕೆದಕಿದಾಗ ಒಂದರಲ್ಲಿ ಅಲ್ಪ ಲಾಭ ಕಂಡಿತು, ಇನ್ನೊಂದರಲ್ಲಿ ಇಲ್ಲ. ತನ್ನದೇ ಸಲಹಾ ಸಮಿತಿ ಬೇಡವೆಂದರೂ ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ 2021ರಲ್ಲಿ ಅನುಮತಿ ಕೊಟ್ಟಿತು. ಕೊಟ್ಟ ಮುಖ್ಯ ಆಧಾರ, ಪೆಟ್ ಚಿತ್ರದಲ್ಲಿ ಅಮಿಲಾಯ್ಡ್ ಕಡಿಮೆಯಾಗಿದೆ ಎಂಬುದು. ಸಮಿತಿಯ ಮೂವರು ರಾಜೀನಾಮೆ ಕೊಟ್ಟರು. 2024ರಲ್ಲಿ ತಯಾರಿಸಿದ ಕಂಪನಿಯೇ ಔಷಧಿಯನ್ನು ಕೈಬಿಟ್ಟಿತು. ಮಗಳ ಹೆಸರು ತಾಯಿಗೆ ನೆನಪಾಗುತ್ತದೆಯೇ ಎಂದು ಕೇಳಬೇಕಾದಲ್ಲಿ ಪರದೆಯ ಬಣ್ಣ ಮಾಸಿತೇ ಎಂದು ಕೇಳಿದ ತಪ್ಪು ಅದು. ಇದನ್ನು ತಾಂತ್ರಿಕ ಎಡವಟ್ಟು ಎಂದು ಬದಿಗಿಡಲು ನನ್ನಿಂದಾಗದು. ಕುಟುಂಬಗಳ ಆಸೆ, ಹಣ ಎರಡೂ ಆ ಬಣ್ಣದ ಮೇಲೆ ನಿಂತಿದ್ದವು. ಇನ್ನೊಂದು ತೊಡಕೂ ಇದೆ: ಈ ಬಗೆಯ ಔಷಧಿ ಪಡೆದವರ ಮಿದುಳು, ಪಡೆಯದವರದಕ್ಕಿಂತ ಹೆಚ್ಚು ಕುಗ್ಗಿದ್ದು ಪ್ರಯೋಗಗಳಲ್ಲಿ ಕಂಡಿದೆ. ಅದು ಜಿಡ್ಡು ಕರಗಿದ್ದರ ಪರಿಣಾಮವೋ ಹಾನಿಯೋ ಎಂಬ ವಾದ ಮುಗಿದಿಲ್ಲ. ಎರಡು ಚಿತ್ರಗಳು ಎದುರುಬದುರು ಸಾಕ್ಷಿ ಹೇಳಿದಾಗ, ರೋಗಿ ಸ್ನಾನ, ಊಟ, ಮಾತು ಹೇಗೆ ನಡೆಸುತ್ತಿದ್ದಾರೆ ಎಂಬ ಮನೆಯವರ ಮಾತಿಗೇ ನಾನು ಹೆಚ್ಚು ತೂಕ ಕೊಡುತ್ತೇನೆ.

ಎಡಿಎನ್‌ಐಯ ದೊಡ್ಡ ಕೊರತೆ ಅದರ ಜನರಲ್ಲೇ ಇದೆ. ಅಲ್ಲಿ ಸೇರಿದವರಲ್ಲಿ ಬಹುಪಾಲು ಹೆಚ್ಚು ಓದಿದ ಬಿಳಿಯರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಸೆಂಟರ್ ಫಾರ್ ಬ್ರೈನ್ ರಿಸರ್ಚ್, ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನ ಕೈಗೊಂಡಿರುವುದು ಇದಕ್ಕಾಗಿಯೇ ಮುಖ್ಯ. ಎಂಆರ್‌ಐ ಅದರಲ್ಲೂ ಸೇರಿದೆ. ಆ ಹಳ್ಳಿಗಳ ಅಳತೆ ಕೈಗೆ ಬರುವ ಮೊದಲೇ, ಶಾಲೆಯ ಮೆಟ್ಟಿಲು ಹತ್ತದ ರೈತ ಮಹಿಳೆಯ ಸ್ಕ್ಯಾನನ್ನು ಅಮೆರಿಕದ ಪದವೀಧರರ ಸರಾಸರಿಗೆ ಹಿಡಿದು, ಆಕೆಯ ಕಾಯಿಲೆ ಇಷ್ಟು ದೂರ ಬಂದಿದೆ ಎಂದು ತೀರ್ಪು ಬರೆಯುವುದನ್ನು ಒಪ್ಪಲಾರೆ.