ಹಿತ್ತಲ ಕಟ್ಟೆಗೂ ಒಂದು ಕೋಡಿ

ಸೈಟು ನೋಡಲು ಹೋದವರು ಹಿಂದಿನ ಜಾಗ ಇಳಿಜಾರಾಗಿದ್ದರೆ ಮುಖ ಸಣ್ಣದು ಮಾಡಿಕೊಂಡು ಬರುತ್ತಾರೆ. ದಲ್ಲಾಳಿ ಮುಂದೆ ದರ ಇಳಿಸಲು ಅದನ್ನೇ ಮೊದಲು ಎತ್ತುತ್ತಾರೆ. ನನಗೆ ಅದೇ ಬೇಕಿತ್ತು. ಕೋಲಾರದ ಅಂತರಗಂಗೆ ಬೆಟ್ಟದ ಬುಡದಲ್ಲಿರುವ ನಮ್ಮ ಮನೆಯ ಹಿತ್ತಲು 40 ಅಡಿ ಉದ್ದಕ್ಕೆ 9 ಅಡಿ ಇಳಿಯುತ್ತದೆ. ಹಿತ್ತಲ ಬಾಗಿಲು ತೆರೆದರೆ ಕಣ್ಣು ಗೋಡೆಗೆ ಬಡಿಯುವುದಿಲ್ಲ, ಕೆಳಗಿನ ಮಾವಿನ ತಲೆಯ ಮೇಲಿಂದ ದೂರದ ಕೆರೆ ಏರಿಯವರೆಗೆ ಹೋಗುತ್ತದೆ. ಸಮತಟ್ಟು ಜಾಗದಲ್ಲಿ ಈ ನೋಟಕ್ಕೆ ಮಹಡಿ ಹತ್ತಬೇಕು.

ಈ ಇಳಿಜಾರಿನಲ್ಲಿ ಕೂರುವುದು ಹೇಗೆ ಎಂಬುದೇ ಈ ವಾರದ ವಿಷಯ.

ಸ್ಯಾನ್ ಹೊಸೆಯಲ್ಲಿರುವ ನಮ್ಮ ಅಣ್ಣನ ಮಗ ಬಂದಾಗ, “ಚಿಕ್ಕಪ್ಪ, ಇಲ್ಲೊಂದು ಡೆಕ್ ಹಾಕಿಸಿಬಿಡಿ, ಎರಡು ಮೂರು ಲೆವೆಲ್ ಮಾಡಿ” ಎಂದು ತನ್ನ ಮನೆಯ ಫೋಟೋ ತೋರಿಸಿದ. ನೋಡಿ ಸಂತೋಷವಾಯಿತು. ಗುಡ್ಡದ ಮಣ್ಣನ್ನು ಹೆಚ್ಚು ಅಗೆಯದೆ, ಕಾಂಕ್ರೀಟಿನ ಸಣ್ಣ ಪಾಯಗಳ ಮೇಲೆ ಕಂಬ ನಿಲ್ಲಿಸಿ, ಅದರ ಮೇಲೆ ತೊಲೆ, ತೊಲೆಯ ಮೇಲೆ ಹಲಗೆ. ಹಲಗೆಗಳ ನಡುವಿನ ಸಂದಿನಲ್ಲಿ ಮಳೆನೀರು ನೇರ ಮಣ್ಣಿಗೆ. ಅಲ್ಲಿನ ರೆಡ್‌ವುಡ್ ಮರದ ಚೇಗು ಕೊಳೆಗೂ ಹುಳಕ್ಕೂ ಸುಲಭವಾಗಿ ಬಗ್ಗುವುದಿಲ್ಲ. ಆ ಊರಿಗೆ ಅದು ಸರಿಯಾದ ಕಟ್ಟಡವೇ. ನಮ್ಮಲ್ಲಿ ಮಣ್ಣಿಗೆ ಮರ ತಾಗಿದರೆ ಗೆದ್ದಲು ಬರಲು ಎಷ್ಟು ದಿನ ಬೇಕೆಂದು ಕೋಲಾರದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಗೆದ್ದಲು ಬಿಟ್ಟ ಮರವನ್ನು ಏಪ್ರಿಲ್ ಬಿಸಿಲು ಸೀಳುತ್ತದೆ. ತೇಗ ತಂದು ವರ್ಷಕ್ಕೊಮ್ಮೆ ಎಣ್ಣೆ ಬಳಿಯುವ ಶಕ್ತಿ ಇದ್ದವರು ಮಾಡಿಸಿಕೊಳ್ಳಲಿ. ಆದರೆ ಕಾಲ ಕೆಳಗೇ ಬಂಡೆ ಇರುವ ಜಿಲ್ಲೆಯಲ್ಲಿ ಕೂತುಕೊಂಡು ನಾನು ಮರಕ್ಕೆ ಆಸೆಪಡಲಾರೆ. ಅವನ ಫೋಟೋದಿಂದ ನಾನು ಇಟ್ಟುಕೊಂಡಿದ್ದು ಒಂದನ್ನು ಮಾತ್ರ: ನೀರಿಗೆ ಬಿಟ್ಟ ಆ ಸಂದು.

ಅದರ ಬೆಲೆ ನನಗೆ ಮೊದಲೇ ಗೊತ್ತಿದ್ದರೆ ನನ್ನ ಮೊದಲ ಗೋಡೆ ಉಳಿಯುತ್ತಿತ್ತು. ಮನೆ ಕಟ್ಟಿದ ಹೊಸದರಲ್ಲಿ, ಅರ್ಧ ಹಿತ್ತಲನ್ನಾದರೂ ಮಟ್ಟ ಮಾಡೋಣವೆಂದು 6 ಅಡಿ ಎತ್ತರದ ಒಂದೇ ಗೋಡೆ ಎಬ್ಬಿಸಿ, ಸೈಜುಗಲ್ಲಿಗೆ ಸಿಮೆಂಟು ಹಾಕಿಸಿ, ಹಿಂದೆ ಮಣ್ಣು ತುಂಬಿಸಿದ್ದೆ. ನೋಡಲು ಕೋಟೆಯಂತಿತ್ತು. 2021ರ ನವೆಂಬರ್ ಮಳೆ ನೆನಪಿರಬೇಕು. ಎಷ್ಟೋ ವರ್ಷದಿಂದ ಒಣಗಿದ್ದ ಕೆರೆಗಳು ಕೋಡಿ ಹರಿದವು, ಜನ ಬಾಗಿನ ಕೊಟ್ಟರು. ಅದೇ ವಾರ ನನ್ನ ಗೋಡೆಯ ನಡು ಬಸುರಿಯ ಹೊಟ್ಟೆಯಂತೆ ಮುಂದಕ್ಕೆ ಬಂತು. ಮೂರನೇ ದಿನ ಬೆಳಗಿನ ಜಾವ ಕುಸಿಯಿತು. ಕೆಳಗೆ ಯಾರೂ ಇರಲಿಲ್ಲ ಎಂಬುದನ್ನು ಈಗ ನೆನೆದರೂ ಮೈ ತಣ್ಣಗಾಗುತ್ತದೆ.

ಕಲ್ಲು ತೆಗೆಯಲು ಬಂದ ಹಿರಿಯ ಮೇಸ್ತ್ರಿ ಬಿದ್ದ ಗೋಡೆಯನ್ನು ಸುತ್ತಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ. “ಎಲ್ಲ ಸಂದೂ ಮುಚ್ಚಿಬಿಟ್ಟಿದ್ದೀರಲ್ಲ ಸ್ವಾಮಿ, ನೀರು ಎಲ್ಲಿಗೆ ಹೋಗಬೇಕಿತ್ತು?”

ಒಣ ಮಣ್ಣು ತಳ್ಳುವುದೇ ಒಂದು ಲೆಕ್ಕ, ನೀರು ಕುಡಿದ ಮಣ್ಣು ತಳ್ಳುವುದೇ ಇನ್ನೊಂದು ಲೆಕ್ಕ. ಗೋಡೆಯ ಎತ್ತರ ಎರಡರಷ್ಟಾದರೆ ಮಣ್ಣಿನ ಒಟ್ಟು ಒತ್ತಡ ನಾಲ್ಕರಷ್ಟಾಗುತ್ತದೆ, ಮೂರರಷ್ಟಾದರೆ ಒಂಬತ್ತರಷ್ಟು. 6 ಅಡಿಯ ಒಂದು ಗೋಡೆಗೆ ಬೀಳುವ ಭಾರದಲ್ಲಿ 3 ಅಡಿಯ ಗೋಡೆಗೆ ಬೀಳುವುದು ಕಾಲು ಭಾಗ. ಇಳಿಜಾರಿನಲ್ಲಿ ಒಂದೇ ದೊಡ್ಡ ಕಟ್ಟೆ ಬೇಡ, ಎರಡು ಮೂರು ಕಟ್ಟೆಯಾಗಿ ಇಳಿಸಿ ಎನ್ನುವುದು ಅಂದಕ್ಕೆ ಮಾತ್ರ ಹೇಳುವ ಮಾತಲ್ಲ, ಈ ಲೆಕ್ಕ ಹೇಳಿಸುವ ಮಾತು.

ಮೇಸ್ತ್ರಿ ಲೆಕ್ಕ ಬರೆದು ತೋರಿಸಲಿಲ್ಲ. ಕೆರೆ ತೋರಿಸಿದರು. ನಮ್ಮ ಜಿಲ್ಲೆಗೆ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಪಾಲಾರ್ ಇದೆ, ದಕ್ಷಿಣ ಪಿನಾಕಿನಿ ಮಾಲೂರು ಸೀಮೆ ಹಾದು ಹೋಗುತ್ತದೆ, ಎರಡೂ ಮಳೆ ಬಂದಾಗಿನ ಹೊಳೆಗಳು. ಇಲ್ಲಿನ ಹಿಂದಿನವರು ಇಳಿಜಾರನ್ನು ನೋಡಿ, ಮೇಲಿನ ಕೆರೆ ತುಂಬಿದರೆ ಅದರ ಕೋಡಿ ಕೆಳಗಿನ ಕೆರೆಗೆ, ಅದರ ಕೋಡಿ ಇನ್ನೂ ಕೆಳಗಿನದಕ್ಕೆ ಎಂದು ಸರಪಳಿ ಕಟ್ಟಿದರು. 2018ರಲ್ಲಿ ಬೆಂಗಳೂರಿನಲ್ಲಿ ಸಂಸ್ಕರಿಸಿದ ಕೆ.ಸಿ. ವ್ಯಾಲಿ ಯೋಜನೆಯ ನೀರು ಲಕ್ಷ್ಮೀಸಾಗರ ಕೆರೆಗೆ ಬಂದು ಬಿದ್ದಾಗ ಅಲ್ಲಿಂದ ನರಸಾಪುರದ ಕಡೆಗೆ ಹರಿದದ್ದು ಇದೇ ಹಳೆಯ ದಾರಿಯಲ್ಲಿ, ಕೆರೆಯಿಂದ ಕೆರೆಗೆ, ಇಳಿಜಾರಿನ ಬಲದಿಂದಲೇ. “ಕೋಡಿಯಿಲ್ಲದ ಏರಿ ನಿಲ್ಲಲ್ಲ. ನಿಮ್ಮ ಹಿತ್ತಲೂ ಅಷ್ಟೇ” ಎಂದರು ಮೇಸ್ತ್ರಿ. ಅಲ್ಲಿಂದ ಮುಂದೆ ನಾವು ಕಟ್ಟಿದ್ದನ್ನು ನಾನು ಡೆಕ್ ಎನ್ನದೆ ಮೂರು ಕೆರೆ ಎಂದುಕೊಂಡೇ ಕಟ್ಟಿಸಿದೆ.

ಮಟ್ಟಗಳ ಎತ್ತರ ಸಮನಾಗಿ ಹಂಚಬೇಡಿ. ಇದು ನನ್ನ ಗಟ್ಟಿ ಅಭಿಪ್ರಾಯ. 9 ಅಡಿಯನ್ನು ಮೂರು ಮೂರು ಅಡಿಯಾಗಿ ಹಂಚಿದರೆ ಗ್ಯಾಲರಿಯಂತೆ ಕಾಣುತ್ತದೆ, ಎಲ್ಲಿಯೂ ಕೂರಲು ಮನಸ್ಸಾಗುವುದಿಲ್ಲ. ಮನೆಗೆ ಹತ್ತಿರದ ಮೊದಲ ಕಟ್ಟೆಯ ಅಂಚು ಒಂದೂವರೆ ಅಡಿ ಇಳಿಯಲಿ. ಅದು ಹಳ್ಳಿ ಮನೆಯ ಜಗಲಿಯ ಎತ್ತರ. ಕಾಲು ಇಳಿಬಿಟ್ಟರೆ ಪಾದ ನೆಲಕ್ಕೆ ತಾಗುತ್ತದೆ, ಅಂಚೇ ಆಸನವಾಗುತ್ತದೆ, ಕುರ್ಚಿ ತರಬೇಕಿಲ್ಲ. ಅಲ್ಲಿಂದ ಎರಡನೆಯದು 3 ಅಡಿ, ಕೊನೆಯದು ನಾಲ್ಕೂವರೆ. ಕೊನೆಯ ಗೋಡೆಗೆ ಹೆಚ್ಚು ಭಾರ, ಹೆಚ್ಚು ಖರ್ಚು, ನಿಜ. ಅದರ ಬುಡ ಎರಡೂಕಾಲು ಅಡಿ ದಪ್ಪ ಹಾಕಿಸಿದ್ದೇವೆ. ಎತ್ತರದ ಅರ್ಧದಷ್ಟಾದರೂ ಬುಡವಿರಬೇಕು, ಮೇಲೆ ಹೋದಂತೆ ಅಡಿಗೆ ಎರಡು ಇಂಚಿನಂತೆ ಗೋಡೆ ಗುಡ್ಡದ ಕಡೆಗೆ ಒರಗಬೇಕು. ಪಾಯ ಗಟ್ಟಿ ಗರಸು ಸಿಗುವವರೆಗೆ ಇಳಿಯಬೇಕು. ಕೆಸರು ಗಾರೆ ಏನೂ ಬೇಡ, ಕಲ್ಲಿಗೆ ಕಲ್ಲು ಕಚ್ಚಿಸಿ ಸಂದಿಗೆ ಚಕ್ಕೆ ಬಡಿದರೆ ಸಾಕು. ನಾಲ್ಕಾರು ಅಡಿಗೊಂದು ಉದ್ದ ಕಲ್ಲು ಗೋಡೆಯನ್ನು ದಾಟಿ ಹಿಂದಿನ ಮಣ್ಣಿನೊಳಗೆ ಹೋಗಿ ಹಿಡಿಯಬೇಕು. ಗೋಡೆಯ ಬೆನ್ನಿಗೆ ಒಂದಡಿ ಅಗಲಕ್ಕೆ ಜಲ್ಲಿ ತುಂಬಿದರೆ ನೀರು ಅಲ್ಲೇ ಇಳಿದು ಬುಡದ ಸಂದಿಯಿಂದ ಹೊರಗೆ ಬರುತ್ತದೆ. ಇದಕ್ಕಿಂತ ಎತ್ತರದ ಗೋಡೆ ಬೇಕಾದವರು ಎಂಜಿನಿಯರನ್ನು ಕರೆಯಿರಿ, ಅಂಕಣ ಓದಿ ಕಟ್ಟಬೇಡಿ.

ಕಲ್ಲಿನ ವಿಷಯಕ್ಕೆ ಬರುತ್ತೇನೆ. ಇದನ್ನು ಬೇಗ ಮುಗಿಸಲು ನನ್ನಿಂದಾಗದು.

ನಮ್ಮ ಬೆಟ್ಟಗಳ ಬಂಡೆ 250 ಕೋಟಿ ವರ್ಷದಷ್ಟು ಹಳೆಯದು. ಅದರ ಮೈ ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಬಿಡುತ್ತದೆ. ಮದ್ದು, ಯಂತ್ರ ಬರುವ ಮೊದಲು ಈ ಗುಣವನ್ನು ಬಳಸಿಕೊಂಡು ಬೆಂಕಿಯಿಂದ ಚಪ್ಪಡಿ ಎಬ್ಬಿಸುತ್ತಿದ್ದರು. 1911ರ ಬ್ರಿಟಾನಿಕಾ ವಿಶ್ವಕೋಶ ಕಲ್ಲುಗಣಿಯ ಬಗ್ಗೆ ಬರೆಯುತ್ತ ಬೆಂಕಿಯ ವಿಧಾನಕ್ಕೆ ಉದಾಹರಣೆಯಾಗಿ ತೋರಿಸಿದ್ದು ಬೆಂಗಳೂರು ಕಡೆಯ ಈ ಕೆಲಸವನ್ನು. ಬಂಡೆಯ ಮೇಲೆ ಸುಮಾರು 7 ಅಡಿ ಉದ್ದದ ಸೌದೆ ಬೆಂಕಿಯ ಸಾಲು. ಒಬ್ಬ ಸುತ್ತಿಗೆಯಿಂದ ಬಡಿದು ಕೇಳುತ್ತಾನೆ. ಅಡಿಯ ಪದರ ಬಿಟ್ಟುಕೊಂಡ ಸದ್ದು ಬಂದರೆ ಬೆಂಕಿಯನ್ನು ಕೆಲವು ಇಂಚು ಮುಂದಕ್ಕೆ ತಳ್ಳುವುದು, ಮತ್ತೆ ಬಡಿದು ಕೇಳುವುದು. ಹೀಗೆ 8 ಗಂಟೆಯಲ್ಲಿ 740 ಚದರ ಅಡಿಯ, ಸರಾಸರಿ 5 ಇಂಚು ದಪ್ಪದ ಒಂದೇ ಚಪ್ಪಡಿ ಮೇಲೇಳುತ್ತಿತ್ತು. ಒಂದು ಪೌಂಡು ಸೌದೆಗೆ 30 ಪೌಂಡು ಕಲ್ಲು. 60 ಅಡಿ ಉದ್ದ, 40 ಅಡಿ ಅಗಲದ ಚಪ್ಪಡಿಗಳನ್ನೂ ಹೀಗೆ ತೆಗೆಯುತ್ತಿದ್ದರಂತೆ. ಆ ಕಿವಿ ಎಂಥದ್ದಿರಬೇಕು! ನಮ್ಮ ಮೇಸ್ತ್ರಿ ಇವತ್ತಿಗೂ ಕಲ್ಲು ಕೊಳ್ಳುವ ಮೊದಲು ಸುತ್ತಿಗೆಯ ತುದಿಯಿಂದ ಒಂದೇ ಪೆಟ್ಟು ಕೊಟ್ಟು ತಲೆ ಓರೆ ಮಾಡುತ್ತಾರೆ. ಗಂಟೆಯಂತೆ ನುಡಿದರೆ ಗಾಡಿಗೆ, ಮಂದ ಸದ್ದು ಬಂದರೆ ಒಳಗೆ ಬಿರುಕು, ಅಲ್ಲೇ ಬಿಟ್ಟು ಬರುತ್ತಾರೆ.

ಹೊಸ ಕಲ್ಲು ಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಮಾಲೂರು ರಸ್ತೆಯಲ್ಲಿ ಓಡಾಡುವಾಗ ಅರ್ಧ ಕತ್ತರಿಸಿದ ಬೆಟ್ಟ ನೋಡಿದರೆ, ಕಲ್ಲಿನ ದೂಳು ಕುಡಿದು ಎದೆ ಕೆಡಿಸಿಕೊಂಡ ಕೆಲಸಗಾರರನ್ನು ನೋಡಿದರೆ, ನನ್ನ ಕಾಫಿ ಕಟ್ಟೆಗೆ ಇನ್ನೊಂದು ಬಂಡೆ ಸೀಳಿಸುವುದು ಬೇಡವೆನಿಸಿತು. ಅದಕ್ಕೆ ದಾರಿ ಇದೆ. ಹಳ್ಳಿಗಳಲ್ಲಿ ಹಳೆಯ ಕಲ್ಲುಮನೆ ಕೆಡವಿ ಆರ್‌ಸಿಸಿ ಹಾಕಿಸುತ್ತಿದ್ದಾರೆ. ಸೂರಿಗೆ ಹೊದಿಸಿದ್ದ ಚಪ್ಪಡಿ, ಕಲ್ಲುಕಂಬ, ಹೊಸ್ತಿಲು ಎಲ್ಲ ಬೀದಿ ಬದಿ ಬಿದ್ದಿರುತ್ತವೆ. ತೋಟದ ಬೇಲಿಯ ಕಲ್ಲುಕೂಚಗಳೂ ಸಿಗುತ್ತವೆ. ಮುಳಬಾಗಿಲಿನ ಕಡೆಯಿಂದ ಒಂದು ಮನೆಯ ಚಪ್ಪಡಿಗಳು ಬಂದವು, ಮೂರು ತಲೆಮಾರು ಓಡಾಡಿ ನುಣ್ಣಗಾದ ಹೊಸ್ತಿಲು ಸಮೇತ. ಅಂಥ ನುಣುಪನ್ನು ಯಾವ ಪಾಲಿಶ್ ಯಂತ್ರವೂ ಕೊಡಲಾರದು. ಹೊಸದಾಗಿ ನುಣುಪು ಮಾಡಿಸುವುದು ದೇವರ ಮೂರ್ತಿಗಿರಲಿ, ಅದನ್ನು ಮಾಲೂರು ತಾಲ್ಲೂಕಿನ ಶಿವಾರಪಟ್ಟಣದ ಶಿಲ್ಪಿಗಳ ಕೈಗೆ ಬಿಡಿ. ಮೆಟ್ಟಿಲಿಗೆ ಮಾತ್ರ ಒರಟು ಉಳಿಗಚ್ಚು ಉಳಿದ ಕಲ್ಲೇ ಬೇಕು, ಮಳೆಯಲ್ಲಿ ಕಾಲು ಜಾರುವುದಿಲ್ಲ.

ತೂಕದ ಲೆಕ್ಕ ಮೊದಲೇ ಹಾಕಿಕೊಳ್ಳಿ. ಈ ಕಲ್ಲು ಘನ ಅಡಿಗೆ 75 ಕಿಲೋ ತೂಗುತ್ತದೆ. 5 ಅಡಿ ಉದ್ದ, 2 ಅಡಿ ಅಗಲ, 4 ಇಂಚು ದಪ್ಪದ ಚಪ್ಪಡಿ ಎಂದರೆ 250 ಕಿಲೋ. ಕೆಳಗಿನ ಕಟ್ಟೆಯನ್ನು ಮೊದಲು ಕಟ್ಟಿ ಮೇಲಕ್ಕೆ ಬನ್ನಿ, ಕಲ್ಲನ್ನು ಮಾತ್ರ ಮೇಲಿನಿಂದ ಇಳಿಸಿ. ಇದನ್ನು ತಿರುಗುಮುರುಗು ಮಾಡಿದವರ ಬೆನ್ನು ಅದನ್ನು ಮರೆಯುವುದಿಲ್ಲ.

ಒಂದು ಕಟ್ಟೆಯಿಂದ ಇನ್ನೊಂದಕ್ಕೆ ಇಳಿಯುವ ಮೆಟ್ಟಿಲನ್ನು ನಮ್ಮ ಕಡೆಯ ಬಾವಿಗಳಿಂದ ಕಲಿತೆವು. ಹಳೆಯ ತೋಟದ ಬಾವಿಗಳಲ್ಲಿ ಗೋಡೆಯೊಳಗಿಂದ ಚಾಚಿಕೊಂಡ ಚಪ್ಪಡಿಗಳೇ ಮೆಟ್ಟಿಲು, ಕೆಳಗೆ ಆಸರೆಯಿಲ್ಲ. ಎರಡಡಿ ಗೋಡೆಯೊಳಗೆ, ಒಂದೂವರೆ ಅಡಿ ಹೊರಗೆ, ಒಳಗಿನ ತುದಿಯ ಮೇಲೆ ಗೋಡೆಯ ಭಾರ. ಎತ್ತರ 6 ಇಂಚು ದಾಟಿಸಲಿಲ್ಲ, ಏಕೆಂದರೆ ಎಪ್ಪತ್ತೆಂಟರ ನಮ್ಮಮ್ಮ ಇಳಿಯಬೇಕು. ಮೂರನೇ ಗೋಡೆಯ ಅಂಚಿಗೆ ಕೂಚಗಳನ್ನು ನಿಲ್ಲಿಸಿ ಅಡ್ಡ ಕಲ್ಲು ಹಾಸಿ ಬೆಂಚು ಮಾಡಿದೆವು. ನಾಲ್ಕೂವರೆ ಅಡಿ ಇಳಿಯುವ ಅಂಚಿನಲ್ಲಿ ಮಕ್ಕಳಿಗೆ ತಡೆಯೂ ಆಯಿತು.

ನೆಲಕ್ಕೆ ಎಲ್ಲೆಡೆ ಚಪ್ಪಡಿ ಹಾಸುವ ಆಸೆ ಬಿಟ್ಟುಬಿಡಿ. ಮೇಲಿನ ಕಟ್ಟೆಗೆ ಚಪ್ಪಡಿ ಸರಿ, ಸಂಡಿಗೆ ಹಪ್ಪಳ ಹಾಕಲು ಕಾದ ಕಲ್ಲಿಗಿಂತ ಒಳ್ಳೆಯದಿಲ್ಲ. ಡಿಸೆಂಬರ್ ಚಳಿಯಲ್ಲಿ ಸಂಜೆ ಏಳರವರೆಗೂ ಅದು ಬೆಚ್ಚಗಿರುತ್ತದೆ. ಏಪ್ರಿಲ್‌ನಲ್ಲಿ ಅದೇ ಕಲ್ಲು ಬರಿಗಾಲಿಗೆ ಹಂಚಾಗುತ್ತದೆ. ನಡುವಿನ ಕಟ್ಟೆಗೆ ಮಾಲೂರಿನ ಇಟ್ಟಿಗೆಯನ್ನು ಮರಳಿನ ಮೇಲೆ ಅಂಚು ಮೇಲಾಗಿ ಜೋಡಿಸಿದೆವು. ಸಂಜೆ ಒಂದು ಕೊಡ ನೀರು ಚಿಮುಕಿಸಿದರೆ ಕುಡಿದುಕೊಂಡು ತಂಪು ಬಿಡುತ್ತದೆ, ಜೊತೆಗೆ ಆ ಮಣ್ಣಿನ ವಾಸನೆ.

ನಡು ಕಟ್ಟೆಯಲ್ಲಿ ಒಂದು ಬೇನಿಷಾ ಮಾವಿನ ಮರವಿದೆ, ಶ್ರೀನಿವಾಸಪುರದಿಂದ ಸಸಿ ತಂದದ್ದು. ಅದರ ಬುಡಕ್ಕೆ ಮಣ್ಣು ಏರಿಸದೆ, ಕಾಂಡದ ಸುತ್ತ ಮೂರಡಿ ಹಳೆಯ ಮಟ್ಟದಲ್ಲೇ ಗುಂಡಿಯಾಗಿ ಬಿಟ್ಟಿದ್ದೇವೆ. ಬುಡ ಹೂತರೆ ತೊಗಟೆ ಕೊಳೆಯುತ್ತದೆ, ಬೇರಿಗೆ ಉಸಿರಾಟವಿಲ್ಲ. ಊರ ಅರಳಿಕಟ್ಟೆ ಕಟ್ಟಿದವರು ಕಲ್ಲನ್ನು ಸುತ್ತ ಇಟ್ಟು ನಡುವೆ ಮಣ್ಣನ್ನು ತೆರೆದೇ ಬಿಟ್ಟಿರುತ್ತಾರೆ, ನೋಡಿ.

ಇನ್ನು ಕೋಡಿಗಳು. ಮೊದಲ ಕಟ್ಟೆಯ ಕೋಡಿ ಎಡತುದಿಗೆ, ಎರಡನೆಯದರದು ಬಲತುದಿಗೆ, ಮೂರನೆಯದರದು ಮತ್ತೆ ಎಡಕ್ಕೆ. ನೆಲದ ವಾಟ 10 ಅಡಿಗೆ ಒಂದೂವರೆ ಇಂಚಿನಂತೆ ಆ ತುದಿಗೇ. ರಸಮಟ್ಟಕ್ಕಿಂತ ನೀರು ತುಂಬಿದ ಲೆವೆಲ್ ಪೈಪನ್ನು ನಾನು ನಂಬುತ್ತೇನೆ, ಉದ್ದದ ಕಟ್ಟೆಯಲ್ಲಿ ಅದು ಮೋಸ ಮಾಡುವುದಿಲ್ಲ. ಕೋಡಿಯಿಂದ ನೀರು ಬೀಳುವಲ್ಲಿ ಮಣ್ಣು ಕೊರೆಯದಂತೆ ಅಜ್ಜಿಯ ಕಾಲದ ಒಂದೊಂದು ಒರಳುಕಲ್ಲು ಹೂತಿದ್ದೇವೆ. 30 ಅಡಿ ಅಗಲದ ಈ ಹಿತ್ತಲಿನ ಮೇಲೆ 25 ಮಿ.ಮೀ. ಮಳೆ ಬಿದ್ದರೆ ಸುಮಾರು 2,800 ಲೀಟರ್ ನೀರು. ವರ್ಷಕ್ಕೆ 700 ಮಿ.ಮೀ. ಚಿಲ್ಲರೆ ಬೀಳುವ ಊರಿನಲ್ಲಿ ಅದನ್ನು ಚರಂಡಿಗೆ ಬಿಡುವುದು ನನಗೆ ಅನ್ನ ಚೆಲ್ಲಿದಷ್ಟೇ ನೋವು. ಮೂರು ಕಟ್ಟೆ ಬಳಸಿ ಬರುವಷ್ಟರಲ್ಲಿ ಇಟ್ಟಿಗೆ, ಜಲ್ಲಿ, ಮಣ್ಣು ತಮ್ಮ ಪಾಲು ಕುಡಿದಿರುತ್ತವೆ. ಉಳಿದದ್ದು ಕೆಳಗಿನ ಇಂಗುಗುಂಡಿಗೆ.

ಕಳೆದ ವಾರದ ರಾತ್ರಿ ಮಳೆಗೆ ಅಮ್ಮ ಟಾರ್ಚು ಹಿಡಿದು ಮೊದಲ ಕಟ್ಟೆಯ ಅಂಚಿನಲ್ಲಿ ನಿಂತಿದ್ದರು. ಮೊದಲನೇ ಒರಳಿನ ಸದ್ದು ಬಂತು, ಸ್ವಲ್ಪ ಹೊತ್ತಿಗೆ ಎರಡನೆಯದು. ಮೂರನೆಯದಕ್ಕೆ ಕಾಲು ಗಂಟೆ ಕಾದೆವು. ಬರಲಿಲ್ಲ. ಇಟ್ಟಿಗೆ ನೆಲ ಕುಡಿದು ಬಿಟ್ಟದ್ದಷ್ಟನ್ನೂ ಕೆಳಗಿನ ಕಟ್ಟೆ ಕುಡಿದುಬಿಟ್ಟಿತ್ತು. “ಇನ್ನೊಂದು ಮಳೆ ಬೀಳಲಿ” ಎಂದು ಅಮ್ಮ ಟಾರ್ಚು ಆರಿಸಿ ಒಳಗೆ ಹೋದರು.