ದೂರದರ್ಶನದ ಜಾಹೀರಾತುಗಳಲ್ಲಿ ಕಥನಕ್ರಮ

ಭಾರತದ ದೂರದರ್ಶನದಲ್ಲಿ ವ್ಯಾಪಾರದ ಜಾಹೀರಾತುಗಳು ಮೊದಲಾದುದು 1976ರಲ್ಲಿ. ಅರೆನಿಮಿಷದಲ್ಲಿಯೋ ಒಂದು ನಿಮಿಷದಲ್ಲಿಯೋ ಮುಗಿಯುವ ಈ ಚಿತ್ರಗಳಲ್ಲಿಯೂ ಪಾತ್ರ, ಸನ್ನಿವೇಶ, ಪರಿಣಾಮಗಳೆಂಬ ಕಥಾಂಗಗಳು ಇಲ್ಲದಿಲ್ಲ. ಉಪದೇಶದ ಮಾತು ಮೂರು ಬಗೆಯೆಂದು ಮಮ್ಮಟನು 'ಕಾವ್ಯಪ್ರಕಾಶ'ದಲ್ಲಿ ಹೇಳಿದ್ದಾನೆ: ಒಡೆಯನಂತೆ ವಿಧಿಸುವ ಪ್ರಭುಸಮ್ಮಿತ, ಗೆಳೆಯನಂತೆ ತಿಳಿಯಹೇಳುವ ಸುಹೃತ್ಸಮ್ಮಿತ, ನಲ್ಲೆಯಂತೆ ರಸದಿಂದ ಒಲಿಸುವ ಕಾಂತಾಸಮ್ಮಿತ. ಈ ವಿಂಗಡಣೆ ಜಾಹೀರಾತಿಗೂ ಸಲ್ಲುತ್ತದೆ.

ವೈದ್ಯನ ಬಿಳಿಯ ನಿಲುವಂಗಿ ತೊಟ್ಟವನೊಬ್ಬನು ಇಂಥ ಪೇಸ್ಟಿನಿಂದಲೇ ಹಲ್ಲುಜ್ಜಿರೆಂದು ಹೇಳುವುದು ಮೊದಲನೆಯ ಬಗೆ. ಅಲ್ಲಿ ಕಥೆ ಹೆಸರಿಗೆ ಮಾತ್ರ.

ಎರಡನೆಯದಕ್ಕೆ ನಿದರ್ಶನ, ಅಗ್ಗದ ನಿರ್ಮಾ ಪುಡಿಯ ಪೈಪೋಟಿಗೆ ಉತ್ತರವಾಗಿ 1980ರ ದಶಕದಲ್ಲಿ ಬಂದ ಸರ್ಫ್ ಪುಡಿಯ ಚಿತ್ರ. ಆಲಿಕ್ ಪದಂಸೀ ರೂಪಿಸಿ, ಕವಿತಾ ಚೌಧರಿ ಅಭಿನಯಿಸಿದ ಲಲಿತಾಜಿ ಎಂಬ ಗೃಹಿಣಿ ಚೌಕಾಸಿಯಲ್ಲಿ ಗಟ್ಟಿಗಿತ್ತಿ. ಅಂಥವಳು ದುಬಾರಿಯ ಸರ್ಫನ್ನು ಕೊಳ್ಳುವುದೇಕೆಂದು ಕಾಣದ ಕಂಠವೊಂದು ಪ್ರಶ್ನಿಸುತ್ತದೆ. ಅಗ್ಗದ ವಸ್ತು ಬೇರೆ, ಒಳ್ಳೆಯ ವಸ್ತು ಬೇರೆ. ಅರ್ಧ ಕಿಲೋ ಸರ್ಫ್ ಒಂದು ಕಿಲೋ ಅಗ್ಗದ ಪುಡಿಗೆ ಸಮ ಎಂಬುದು ಅವಳ ಸಮಾಧಾನ. ಪೂರ್ವಪಕ್ಷ, ಸಿದ್ಧಾಂತಗಳೆರಡೂ ಇಲ್ಲಿ ಸ್ಪಷ್ಟವಾಗಿವೆ. ಈ ಮಾತು ನಿಜವೋ ಸುಳ್ಳೋ ಎಂಬುದನ್ನು ಯಾವ ಮನೆಯೊಡತಿಯಾದರೂ ತನ್ನ ಒಗೆತದಲ್ಲಿಯೇ ಪರೀಕ್ಷಿಸಬಹುದು.

ಮೂರನೆಯದು 1994ರ ಕ್ಯಾಡ್‌ಬರಿ ಚಾಕೊಲೇಟಿನ ಚಿತ್ರ. ತೊಂಬತ್ತೊಂಬತ್ತು ಓಟ ಗಳಿಸಿದ ದಾಂಡಿಗನು ಚೆಂಡನ್ನೆತ್ತಿ ಹೊಡೆಯುತ್ತಾನೆ; ಹಿಡಿತಕ್ಕೆ ಸಿಕ್ಕೀತೋ ಎಂಬ ಶಂಕೆ ಕ್ಷಣಕಾಲ ತೋರಿ, ಚೆಂಡು ಗಡಿಯಾಚೆ ಬೀಳುತ್ತದೆ. ಚಾಕೊಲೇಟು ತಿನ್ನುತ್ತಿದ್ದ ತರುಣಿ ಕಾವಲಿನವನನ್ನು ತಪ್ಪಿಸಿಕೊಂಡು ಮೈದಾನಕ್ಕೆ ನುಗ್ಗಿ ಕುಣಿಯುತ್ತಾಳೆ. ಅವಳು ಅವನಿಗೆ ಏನಾಗಬೇಕೆಂದು ಯಾರೂ ಹೇಳುವುದಿಲ್ಲ. ಹಾಡು ಮಾತ್ರ ಕೇಳುತ್ತದೆ. ಚಾಕೊಲೇಟು ಮಕ್ಕಳ ತಿನಿಸೆಂಬ ಭಾವನೆಯನ್ನು ಕಳೆಯುವುದು ಇದರ ಉದ್ದೇಶ. ಆ ಅರ್ಥವು ವಾಚ್ಯವಾಗದೆ, ಹರ್ಷದ ಮೂಲಕ ಧ್ವನಿತವಾಗಿರುವುದು ಇದರ ಹಿರಿಮೆ. 2021ರಲ್ಲಿ ಇದೇ ಕಥೆಯಲ್ಲಿ ಆಡುವವಳು ಹೆಣ್ಣು, ಕುಣಿಯುವವನು ಗಂಡು ಆದಾಗ, ಅದರ ಸ್ವಾರಸ್ಯವೆಲ್ಲ ಹಳೆಯ ಚಿತ್ರದ ಸ್ಮರಣೆಯನ್ನೇ ನೆಮ್ಮಿ ನಿಂತಿತು.

ಇಲ್ಲಿ ವಿಚಾರಣೀಯವಾದ ಅಂಶವೊಂದುಂಟು. 1985ರಲ್ಲಿ ಸ್ಥಾಪಿತವಾದ ಭಾರತದ ಜಾಹೀರಾತು ಮಾನದಂಡ ಪರಿಷತ್ತಿನ ನಿಯಮಗಳು ಬಾಯಿಬಿಟ್ಟು ಆಡಿದ ಸುಳ್ಳನ್ನು ಮಾತ್ರವಲ್ಲ, ಸೂಚನೆಯಿಂದ ತಪ್ಪುದಾರಿಗೆಳೆಯುವುದನ್ನೂ ನಿಷೇಧಿಸುತ್ತವೆ. ಆದರೆ ಧ್ವನಿತವಾದುದು ವಸ್ತುವಿನ ಗುಣವಲ್ಲದೆ ಬಾಳಿನ ಸಂತೋಷವೇ ಆದರೆ, ಅದನ್ನು ಅಳೆಯುವ ಕೋಲು ಯಾವುದು? ಕಾವ್ಯದ ರಸಾಸ್ವಾದ ಮುಗಿದ ಮೇಲೆ ರಾಮನಂತೆ ನಡೆಯಬೇಕು, ರಾವಣನಂತಲ್ಲ ಎಂಬ ವಿವೇಕ ಉಳಿಯುತ್ತದೆ. ಈ ಕಥೆಯಲ್ಲಿ ಕೊನೆಗೆ ಉಳಿಯುವುದು ಒಂದು ಸರಕಿನ ಹೆಸರು. ರೀತಿ ಕಾಂತೆಯದು, ಪ್ರಯೋಜನ ವರ್ತಕನದು.

ಆದಕಾರಣ ಕಲೆಯ ದೃಷ್ಟಿಯಿಂದ ಮೂರನೆಯ ಬಗೆ ಶ್ರೇಷ್ಠವೆಂದು ಒಪ್ಪಿದರೂ, ಅದನ್ನೇ ಕಥನದ ವಿಕಾಸವೆಂದು ಭಾವಿಸುವುದು ಯುಕ್ತವಲ್ಲ. ಲಲಿತಾಜಿಯ ಕಥೆಯಲ್ಲಿ ರಸ ಕಡಿಮೆ. ಆದರೆ ಪ್ರೇಕ್ಷಕನು ಪ್ರಶ್ನೆ ಕೇಳಬಲ್ಲವನೆಂಬ ಮನ್ನಣೆ ಅಲ್ಲಿದೆ.